ಹವಳಕ್ಕೊಬ್ಬ ಹಕೀಮ

ನಂಜನಗೂಡಿಗೆ ಕಪಿಲೆಯಿದ್ದಾಳೆ, ತಿರುಮಕೂಡಲು ನರಸೀಪುರಕ್ಕೆ ಕಪಿಲೆಯ ಜೊತೆಗೆ ಕಾವೇರಿಯೂ, ಕಣ್ಣಿಗೆ ಕಾಣದಿದ್ದರೂ ಲೆಕ್ಕದಿಂದ ಬಿಡಲಾಗದ ಸ್ಫಟಿಕ ಸರೋವರವೂ ಇವೆ. ಉಪ್ಪುನೀರೇ ಬೇಕೆನ್ನುವವರು ಮಾತ್ರ ಈ ಎರಡೂ ಊರುಗಳನ್ನು ಹಾದುಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು, ಬಂಡೀಪುರದ ಕಾಡನ್ನೂ ವಯನಾಡಿನ ಘಟ್ಟವನ್ನೂ ದಾಟಿ, ಕೋಳಿಕೋಡಿನ ದಡದವರೆಗೆ ಇಳಿಯಬೇಕು. ಹೀಗಿರುವಲ್ಲಿ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಕಡಲನ್ನು ತಯಾರಿಸಿ, ಅದರಲ್ಲಿ ಮೃದು ಹವಳವನ್ನು ಸಾಕಿ, ಅದಕ್ಕೆ ಕಾಯಿಲೆ ಬಂದಾಗ ಔಷಧೋಪಚಾರಕ್ಕೂ ಕೈಹಾಕುವುದು, ಮನುಷ್ಯನು ದುಡ್ಡು ಕೊಟ್ಟು ಮೈಮೇಲೆ ಎಳೆದುಕೊಳ್ಳುವ ಕಷ್ಟಗಳಲ್ಲಿ ಸಾಕಷ್ಟು ಮೇಲ್ದರ್ಜೆಯದೆಂದೇ ಹೇಳಬೇಕು.

ಮೃದು ಹವಳವೆಂದರೆ, ಕಲ್ಲಿನಂಥ ಗೂಡನ್ನು ಕಟ್ಟದೆ, ಮಾಂಸಲವಾದ ಮೈಯೊಳಗೆ ಸುಣ್ಣದ ಸೂಕ್ಷ್ಮ ಚೂರುಗಳನ್ನಷ್ಟೇ ಹುದುಗಿಸಿಕೊಂಡು ಬದುಕುವ ಜೀವಿಗಳ ಒಟ್ಟುಕುಟುಂಬ. ಅದರ ಒಬ್ಬೊಬ್ಬ ಸದಸ್ಯನಿಗೂ ಪಾಲಿಪ್ ಎಂದು ಹೆಸರು, ಪ್ರತಿ ಪಾಲಿಪ್‌ಗೂ ಅಂಚು ಸೀಳಿದ ಎಂಟು ತೋಳು. ಕುಜದೋಷಕ್ಕೆಂದು ಉಂಗುರದಲ್ಲಿ ಕಟ್ಟಿಸುವ ಕೆಂಪು ಹವಳವೂ ಎಂಟು ತೋಳಿನದೇ ಆದುದರಿಂದ ಅದು ಇದರ ದಾಯಾದಿ. ಆಯುರ್ವೇದದವರು ಆ ಕೆಂಪು ಹವಳವನ್ನು ಪುಟವಿಟ್ಟು ಪ್ರವಾಳ ಭಸ್ಮ ಮಾಡಿ ಆಮ್ಲಪಿತ್ತಕ್ಕೆ ಕೊಡುತ್ತಾರೆ. ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಹಲ್ಲುಪುಡಿಯನ್ನು ಮನೆಮನೆಗೆ ಮುಟ್ಟಿಸಿದ ಊರಿನಲ್ಲಿ, ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿ ಹಕೀಮ್ ನಂಜುಂಡನೆನಿಸಿಕೊಂಡನೆಂದು ಪ್ರತೀತಿಯಿರುವ ದೇವರ ಊರಿನಲ್ಲಿ, ಹವಳದಿಂದ ಮನುಷ್ಯನ ಕಾಯಿಲೆ ಹೋಗುತ್ತದೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮನುಷ್ಯನೇ ಹವಳಕ್ಕೆ ಔಷಧ ಕೊಡುತ್ತಾನೆಂದರೆ ನೆಂಟರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಕಲ್ಲು ಹವಳಗಳನ್ನೂ ಕಡಲ ಬೀಸಣಿಗೆಗಳನ್ನೂ ಸರ್ಕಾರವು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿ, ಬಂಡೀಪುರದ ಹುಲಿಯ ಪಂಕ್ತಿಯಲ್ಲಿಯೇ ಕೂರಿಸಿರುವುದರಿಂದ, ಹವಳ ಕೊಳ್ಳುವವನು ಮೊದಲು ಅದರ ಜಾತಿ ಯಾವುದೆಂದು ಕೇಳತಕ್ಕದ್ದು. ಜಾತಿ ಕೇಳುವುದು ಮರ್ಯಾದೆಯೆನಿಸುವ ಸಂದರ್ಭ ಬಹುಶಃ ಇದೊಂದೇ.

ಕಾಯಿಲೆ ಯಾವುದು, ಕಾಯಿಲೆಯಲ್ಲದ್ದು ಯಾವುದು ಎಂಬ ವಿವೇಚನೆಯೇ ಈ ವೈದ್ಯದ ಮುಕ್ಕಾಲು ಪಾಲು. ನಾಯಿಕೊಡೆಯ ಆಕಾರದ ಸಾರ್ಕೋಫೈಟನ್ ಎಂಬ ಹವಳವು ಆಗಾಗ ತೋಳುಗಳನ್ನೆಲ್ಲ ಒಳಕ್ಕೆಳೆದುಕೊಂಡು, ಮೈಮೇಲೆ ಮೇಣದಂಥ ಹೊಳಪಿನ ಪೊರೆಯನ್ನು ಹೊದ್ದು, ಕೆಲವು ದಿನ, ಒಮ್ಮೊಮ್ಮೆ ವಾರಕ್ಕೂ ಮೇಲ್ಪಟ್ಟು, ಮಾತುಕತೆಯಿಲ್ಲದೆ ಕುಳಿತುಬಿಡುತ್ತದೆ. ಮೈಗಂಟಿದ ಪಾಚಿ ಕೊಳೆಗಳನ್ನು ಪೊರೆಯ ಸಮೇತ ಕಳಚಿಹಾಕುವ ಈ ಕ್ರಮವು ರೋಗವಲ್ಲ, ಅಭ್ಯಂಜನ. ಸಾಕುವವನಿಗೆ ಅಷ್ಟು ವ್ಯವಧಾನವೆಲ್ಲಿಯದು? ಆತನು ಉಪ್ಪಿನಂಶವು ಲೀಟರಿಗೆ ಸುಮಾರು 35 ಗ್ರಾಮಿನಷ್ಟಿದೆಯೇ ಎಂದು ದಿನಕ್ಕೆ ಮೂರು ಸಲ ಅಳೆದು, ದೀಪವನ್ನು ಎತ್ತರಿಸಿ, ಇಳಿಸಿ, ಹವಳವನ್ನು ಈ ಮೂಲೆಯಿಂದ ಆ ಮೂಲೆಗೆ ವರ್ಗಾಯಿಸಿ, ಪೊರೆ ಕಳಚುವಷ್ಟರಲ್ಲಿ ಅದಕ್ಕೆ ನಿಜವಾಗಿಯೇ ಕಾಯಿಲೆ ಬರುವಂತೆ ಮಾಡಿರುತ್ತಾನೆ. ಬಂದುಹೋಗುವವರಲ್ಲಿ ಒಬ್ಬರು ಚಿಟಿಕೆ ಅರಿಶಿನ ಹಾಕಿ ನೋಡಿ ಎನ್ನುವರು, ಇನ್ನೊಬ್ಬರು ದೃಷ್ಟಿ ತೆಗೆಯಿರಿ ಎನ್ನುವರು; ಎರಡನೆಯ ಸಲಹೆಯಿಂದ ನೀರಿಗೇನೂ ಬೆರೆಯದಿರುವ ಕಾರಣ, ವೈಜ್ಞಾನಿಕವಾಗಿ ಅದೇ ಮೇಲು.

ಇನ್ನು ನಂಜಿನ ಪ್ರಕರಣ. ಕಲ್ಲಿನ ಕವಚವಿಲ್ಲದ ಮೃದು ಹವಳಗಳು ಟರ್ಪೀನ್ ಎಂಬ ಜಾತಿಯ ರಾಸಾಯನಿಕಗಳನ್ನು ನೀರಿಗೆ ಬಿಟ್ಟು ನೆರೆಹೊರೆಯವರ ಬೆಳವಣಿಗೆಯನ್ನು ತಡೆಯುತ್ತವೆ. ಕಡಲಿನಲ್ಲಿ ಕರಗಿ ಕಾಣೆಯಾಗುವ ಈ ದ್ವೇಷವು ತೊಟ್ಟಿಯಲ್ಲಿ ದಿನದಿಂದ ದಿನಕ್ಕೆ ಮಡುಗಟ್ಟುತ್ತದೆ. ಆಗ ಬಾಡುವುದು ಬಲಿಯಾದ ಹವಳ, ಔಷಧ ಬೀಳುವುದೂ ಅದಕ್ಕೇ; ಅಪರಾಧಿಯು ಪಕ್ಕದಲ್ಲಿ ಎಂಟೆಂಟು ತೋಳು ಬೀಸಿಕೊಂಡು ಸುಖವಾಗಿರುತ್ತದೆ. ಇದಕ್ಕೆ ಪರಿಹಾರವೆಂದರೆ, ತೆಂಗಿನ ಚಿಪ್ಪು ಮುಂತಾದವುಗಳಿಂದ ತಯಾರಿಸಿದ, ಮೈಯೆಲ್ಲ ಸೂಕ್ಷ್ಮ ರಂಧ್ರಗಳಿರುವ ಆಕ್ಟಿವೇಟೆಡ್ ಕಾರ್ಬನ್ ಎಂಬ ಇದ್ದಿಲು. ಲೋಕದ ವಿಷವನ್ನು ತಾನು ತೆಗೆದುಕೊಂಡು ಹೊರಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುವ ಕೆಲಸವೆಂಥದೆಂದು ನಂಜನಗೂಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ವ್ಯತ್ಯಾಸವಿಷ್ಟೇ, ಇದ್ದಿಲನ್ನು ಕೆಲವು ವಾರಗಳಿಗೊಮ್ಮೆ ಬದಲಾಯಿಸಬೇಕು.

ನಿಜವಾದ ಕೊಳೆರೋಗ ತಗುಲಿದರೆ ಕೈಕಟ್ಟಿ ಕೂರುವಂತಿಲ್ಲ. ಬುಡದ ಒಂದು ಕಡೆ ಮೆತ್ತಗಾಗಿ, ಬಣ್ಣ ಮಾಸಿ, ಮುಟ್ಟಿದರೆ ಲೋಳೆಯಾಗಿ ಕೈಗೆ ಬಂದು, ಮೇಲೆತ್ತಿದೊಡನೆ ಮನೆಮಂದಿಯೆಲ್ಲ ಮೂಗು ಮುಚ್ಚಿಕೊಳ್ಳುವಂತಾದರೆ, ಹರಿತವಾದ ಬ್ಲೇಡಿನಿಂದ ಕೊಳೆತದ್ದನ್ನೂ ಅದರಂಚಿನ ಒಂದಿಷ್ಟು ಒಳ್ಳೆಯ ಭಾಗವನ್ನೂ ಕೊಯ್ದು ತೆಗೆಯಬೇಕು. ಉಳಿದುದನ್ನು ತೊಟ್ಟಿಯದೇ ನೀರು ತುಂಬಿದ ಬೇರೆ ಬಟ್ಟಲಲ್ಲಿಟ್ಟು, ನೀರು ತಿಳಿಗಂದು ಬಣ್ಣಕ್ಕೆ ತಿರುಗುವಷ್ಟು ಲೂಗಾಲ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬೆರೆಸಿ, ಹತ್ತು ಹದಿನೈದು ನಿಮಿಷ ಅದ್ದಿಡುವುದು ರೂಢಿ. ಲೂಗಾಲ್ ಎಂಬ ಫ್ರೆಂಚ್ ವೈದ್ಯನು 1829ರಲ್ಲಿ ಈ ಅಯೋಡಿನ್ ದ್ರಾವಣವನ್ನು ಸಿದ್ಧಪಡಿಸಿದ್ದು ಕ್ಷಯರೋಗಿಗಳಿಗಾಗಿ. ರೋಗಿಯು ಇಷ್ಟು ಮೆದುವಾಗಿರಬಹುದೆಂದು ಅವನು ಊಹಿಸಿರಲಾರ. ಪ್ರಮಾಣದ ವಿಚಾರದಲ್ಲಿ ನರಸೀಪುರದವರಿಗೆ ಹುಟ್ಟಿನಿಂದಲೇ ಒಂದು ಅನುಕೂಲವಿದೆ: ತಮ್ಮ ಗುಂಜಾನರಸಿಂಹನ ಕ್ಷೇತ್ರವು ಕಾಶಿಗಿಂತ ಗುಲಗಂಜಿ ತೂಕ ಹೆಚ್ಚೆಂದು ಹೇಳಿಕೊಳ್ಳುವವರಿಗೆ, ಗುಲಗಂಜಿಯಷ್ಟು ಹೆಚ್ಚಾಗುವುದೆಂದರೇನೆಂಬುದು ಚೆನ್ನಾಗಿ ಗೊತ್ತು. ಅಂಗಡಿಯವನು ಮೀನಿನ ಬಿಳಿಚುಕ್ಕಿ ರೋಗಕ್ಕೆಂದು ಕೊಡುವ ತಾಮ್ರದ ಔಷಧವನ್ನಂತೂ ಹವಳವಿರುವ ತೊಟ್ಟಿಗೆ ತೋರಿಸಲೂಬಾರದು. ಮೀನು ಬದುಕಿ ಹವಳ ಸಾಯುತ್ತದೆ. ಮೃದು ಹವಳಗಳ ಜೊತೆಯಲ್ಲಿಯೇ ಮಾರಾಟವಾಗುವ ಜೋಆಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದಾದುದರಿಂದ, ಅವನ್ನು ಕೊಯ್ಯುವಾಗ ಕೈಗವಸು, ಕನ್ನಡಕ ಎರಡೂ ಬೇಕು, ಅವು ಬೆಳೆದ ಕಲ್ಲನ್ನು ಬೇಯಿಸಿ ಶುದ್ಧಿಮಾಡುವ ಮಡಿವಂತಿಕೆ ಬೇಡವೇ ಬೇಡ. ಆ ಹಬೆಯನ್ನು ಉಸಿರಾಡಿದರೆ ವೈದ್ಯನೇ ಆಸ್ಪತ್ರೆಯಲ್ಲಿ ಮಲಗಬೇಕಾದೀತು.

ಈ ಚಿಕಿತ್ಸೆಯ ದೊಡ್ಡ ತೊಡಕು ಅದರ ಯಶಸ್ಸು. ಕೊಯ್ದುಳಿದ ಆರೋಗ್ಯವಂತ ತುಂಡುಗಳನ್ನು ರಬ್ಬರ್ ಬ್ಯಾಂಡಿನಿಂದ ಕಲ್ಲಿಗೆ ಸಡಿಲವಾಗಿ ಕಟ್ಟಿಟ್ಟರೆ ಒಂದೊಂದೂ ಕಚ್ಚಿಕೊಂಡು ಬೇರೆ ಬೇರೆ ಹವಳವಾಗುವುದರಿಂದ, ಒಬ್ಬ ರೋಗಿಯನ್ನು ಉಳಿಸಿದವನ ಮನೆಯಲ್ಲಿ ನಾಲ್ವರು ಗುಣಮುಖರು ಸೇರಿ ಎರಡನೆಯ ತೊಟ್ಟಿಯ ಪ್ರಸ್ತಾಪ ಏಳುತ್ತದೆ, ಎದ್ದ ಕ್ಷಣವೇ ಅಡಿಗೆಮನೆಯ ಕಡೆಯಿಂದ ತಿರಸ್ಕೃತವೂ ಆಗುತ್ತದೆ. ಹೆಚ್ಚಾದ ತುಂಡನ್ನು ಉಪ್ಪುನೀರಿನ ಪಾಲಿಥೀನ್ ಚೀಲದಲ್ಲಿ ಕಟ್ಟಿಕೊಂಡು ನರಸೀಪುರದ ಗೆಳೆಯನಿಗೆ ಮುಟ್ಟಿಸಲು ಬಸ್ಸು ಹತ್ತುವುದೊಂದೇ ಆಗ ಉಳಿಯುವ ದಾರಿ. ಪಕ್ಕದ ಸೀಟಿನವರು ಚೀಲವನ್ನು ಎರಡೂ ಕಡೆಯಿಂದ ನೋಡಿ, ಅಣಬೆಯೆಂದು ತೀರ್ಮಾನಿಸಿ, ಕೆಜಿ ಎಷ್ಟಕ್ಕೆ ಸಿಕ್ಕಿತು, ಸಾರಿಗೋ ಪಲ್ಯಕ್ಕೋ ಎಂದು ವಿಚಾರಿಸುತ್ತಾರೆ.