ದ್ವಿದೋಣಿ ಪ್ರಮಾಣ ಮೀಮಾಂಸೆ

ಎರಡು ಒಡಲಿನ ಹಾಯಿದೋಣಿಗೆ ಕೆಟಮರನ್ ಎಂದು ಹೆಸರು. ಇಂಥ ಹತ್ತು ದೋಣಿಗಳು ಪಂದ್ಯಕ್ಕೆ ಹೊರಟರೆ ಗೆದ್ದದ್ದು ಯಾವುದು ಎಂಬುದೇ ಈ ಗ್ರಂಥದ ವಿಷಯ. ಗೆರೆಯನ್ನು ಮೊದಲು ದಾಟಿದ್ದೇ ಗೆದ್ದದ್ದು ಎನ್ನುವ ಪಾಮರರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ. ಅವರು ದಡದಲ್ಲಿ ನಿಂತು ಚಪ್ಪಾಳೆ ತಟ್ಟಬಹುದು. ಗೆಲುವು ನೀರಿನ ಮೇಲಲ್ಲ, ಕಾಗದದ ಮೇಲೆ ಹುಟ್ಟುವ ಪದಾರ್ಥವೆಂದು ನೈಯಾಯಿಕರ ನಾಲ್ಕೂ ಪ್ರಮಾಣಗಳಿಂದ ಇಲ್ಲಿ ಸ್ಥಾಪಿಸಲಾಗುವುದು.

ಒಂದನೆಯ ಅಧಿಕರಣ: ಪ್ರತ್ಯಕ್ಷ ಖಂಡನೆ

ಕಣ್ಣಿಗೆ ಕಂಡದ್ದು ಪ್ರಮಾಣವಲ್ಲ. ಏಕೆಂದರೆ, 1876ರಲ್ಲಿ ನ್ಯೂಯಾರ್ಕಿನ ಶತಮಾನೋತ್ಸವ ಪಂದ್ಯಕ್ಕೆ ನಥಾನಿಯಲ್ ಹೆರೆಶಾಫ್ ಎಂಬ ತರುಣ ಶಿಲ್ಪಿ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ದೋಣಿ ತಂದು ಎಲ್ಲರನ್ನೂ ಹಿಂದೆ ಹಾಕಿದ. ಅದನ್ನು ಎಲ್ಲರೂ ಕಂಡರು. ಕಂಡವರಲ್ಲಿ ಸೋತವರೂ ಇದ್ದುದರಿಂದ ತಕರಾರು ಬಂತು, ದೋಣಿ ಅನರ್ಹವಾಯಿತು. ಮುಂದೆ ಹೋದವನು ಹೊರಗೆ ಹೋದ. ಆದ್ದರಿಂದ ಪ್ರತ್ಯಕ್ಷವು ಭ್ರಾಂತಿ.

ಎರಡನೆಯ ಅಧಿಕರಣ: ಅನುಮಾನ ಮಂಡನೆ

ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ದೋಣಿಯ ಅಳತೆಯಿಂದ ಅದರ ವೇಗವನ್ನು ಊಹಿಸುವುದಕ್ಕೆ ರೇಟಿಂಗ್ ಎನ್ನುತ್ತಾರೆ. ನೆದರ್‌ಲೆಂಡ್ಸಿನ ಟೆಕ್ಸೆಲ್ ದ್ವೀಪವನ್ನು ಸುತ್ತುವ ಪಂದ್ಯ 1978ರಲ್ಲಿ ಶುರುವಾಯಿತು. ಆ ದ್ವೀಪದ ಹೆಸರು ಹೊತ್ತ ರೇಟಿಂಗ್ ಸೂತ್ರದಲ್ಲಿ ಉದ್ದಕ್ಕೆ 0.3, ಹಾಯಿಯ ವಿಸ್ತಾರಕ್ಕೆ 0.4, ತೂಕಕ್ಕೆ 0.325 ಘಾತಗಳು. ಈ ಮೂರನೆಯ ದಶಮಾಂಶ ಸ್ಥಾನದಲ್ಲಿ ಎಷ್ಟು ಸಂಸಾರಗಳ ಭಾನುವಾರ ಮುಳುಗಿದೆ ಎಂಬುದು ವಿಚಾರಣೀಯ.

ಉದಾಹರಣೆ: 100 ರೇಟಿಂಗಿನ ದೋಣಿ ನಾಲ್ಕು ತಾಸಿನಲ್ಲಿ ಬಂತು. ಅದಕ್ಕಿಂತ ನಿಧಾನವೆಂದು ಊಹಿಸಲಾದ 125ರ ದೋಣಿ ನಾಲ್ಕು ತಾಸು ಐವತ್ತು ನಿಮಿಷಕ್ಕೆ ಬಂತು. ಮೊದಲಿನವನು ಅಷ್ಟರಲ್ಲಿ ಹಾಯಿ ಮಡಚಿ, ಸ್ನಾನ ಮುಗಿಸಿ, ಗೆದ್ದ ಸುದ್ದಿಯನ್ನು ಮನೆಗೂ ತಿಳಿಸಿದ್ದ. ಆದರೆ 290 ನಿಮಿಷವನ್ನು ನೂರರಿಂದ ಗುಣಿಸಿ 125ರಿಂದ ಭಾಗಿಸಿದರೆ 232. ಹಿಂದೆ ಬಂದವನು ಎಂಟು ನಿಮಿಷ ಮುಂಚೆಯೇ ಬಂದುಬಿಟ್ಟಿದ್ದ. ಅದು ಅವನಿಗೂ ಗೊತ್ತಿರಲಿಲ್ಲ.

ಪೂರ್ವಪಕ್ಷ: ‘ನಾವು ದಡ ಸೇರಿದ ಮೇಲೆ ಗಾಳಿ ಜೋರಾಯಿತು, ಹಿಂದಿನವರಿಗೆ ಅದು ಪುಕ್ಕಟೆ ಸಿಕ್ಕಿತು; ಸೂತ್ರದಲ್ಲಿ ಗಾಳಿ ಏಕಿಲ್ಲ?’

ಸಮಾಧಾನ: ಗಾಳಿಯನ್ನು ತಕ್ಕಡಿಯಲ್ಲಿ ತೂಗಲಾಗದು. ಹಾಯಿಗಾರನ ಬುದ್ಧಿಯೂ ಸೂತ್ರದಲ್ಲಿಲ್ಲ. ಅದಕ್ಕೆ ಈವರೆಗೆ ಯಾರೂ ತಕರಾರು ಎತ್ತಿಲ್ಲ.

ಮೂರನೆಯ ಅಧಿಕರಣ: ಶಬ್ದ ವಿಚಾರ

ರೇಟಿಂಗಿನ ರಗಳೆ ಬೇಡವೆಂದವರು ವರ್ಗನಿಯಮವೆಂಬ ಶಬ್ದಪ್ರಮಾಣಕ್ಕೆ ಶರಣಾದರು. ಎ-ಕ್ಲಾಸ್ ದೋಣಿಗೆ 5.49 ಮೀಟರ್ ಉದ್ದ, 2.3 ಮೀಟರ್ ಅಗಲ, 75 ಕಿಲೋ ಕನಿಷ್ಠ ತೂಕ. ಆಮೇಲೆ ದೋಣಿಗಳು ಫಾಯಿಲ್ ಎಂಬ ನೀರಡಿಯ ರೆಕ್ಕೆಗಳ ಮೇಲೆ ಎದ್ದು ಹಾರಿಬಿಡುವ ಭಯ ಹುಟ್ಟಿತು. ಫಾಯಿಲನ್ನು ಒಡಲಿನ ಮೇಲುಗಡೆಯಿಂದಲೇ ಇಳಿಸಬೇಕು, ಎರಡು ಫಾಯಿಲ್‌ಗಳ ತುದಿಗಳ ನಡುವೆ 1.5 ಮೀಟರ್ ಅಂತರ ಬೇಕು ಎಂದು ನಿಯಮವಾಯಿತು. ಭಾಷ್ಯಕಾರರಾದ ಶಿಲ್ಪಿಗಳು ಇದನ್ನು ಭಕ್ತಿಯಿಂದ ಪಾರಾಯಣ ಮಾಡಿ, ಝಡ್ ಅಕ್ಷರದಂತೆ ಬಳುಕಿದ ಫಾಯಿಲನ್ನು ಮೇಲಿನಿಂದಲೇ ಇಳಿಸಿದರು, ಅಂತರವನ್ನೂ ಕಾಯ್ದರು, ಹಾರಿಯೂ ಬಿಟ್ಟರು. ಹಾರುವವರು, ಹಾರದವರು ಎಂದು ಪಂಥ ಎರಡಾಯಿತು.

ಶಬ್ದಕ್ಕಿಂತ ಅದರ ಮೌನ ಬಲವತ್ತರ. 1988ರ ಅಮೆರಿಕಾಸ್ ಕಪ್‌ಗೆ ನ್ಯೂಜಿಲೆಂಡಿನ ಮೈಕೆಲ್ ಫೇ, ಆ ಪಂದ್ಯದ ಮೂಲ ನಿಯಮವಾದ ದಾನಪತ್ರವನ್ನು ಅಕ್ಷರಶಃ ಓದಿ, ನೀರಗೆರೆಯಲ್ಲಿ 90 ಅಡಿ ಉದ್ದದ ದೋಣಿ ತಂದರು. ಎದುರಾಳಿ ಡೆನಿಸ್ ಕಾನರ್ ಅದೇ ಪತ್ರವನ್ನು ಇನ್ನೂ ಅಕ್ಷರಶಃ ಓದಿದರು: ಎರಡು ಒಡಲು ಕೂಡದೆಂದು ಎಲ್ಲೂ ಬರೆದಿರಲಿಲ್ಲ. ಅವರ ಕೆಟಮರನ್ ಸ್ಯಾನ್ ಡಿಯೇಗೋದಲ್ಲಿ 2–0ರಿಂದ ಗೆದ್ದಿತು. ನೀರಿನ ಮೇಲೆ ಎರಡೇ ಓಟಗಳಲ್ಲಿ ಮುಗಿದ ಪಂದ್ಯ ನ್ಯೂಯಾರ್ಕಿನ ನ್ಯಾಯಾಲಯಗಳಲ್ಲಿ 1990ರವರೆಗೆ ಓಡಿತು. ಈ ಗ್ರಂಥದ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ನಾಲ್ಕನೆಯ ಅಧಿಕರಣ: ಉಪಮಾನ

ಎಲ್ಲ ದೋಣಿಯೂ ತದ್ರೂಪಾದರೆ ಜಗಳವೇ ಇಲ್ಲವಷ್ಟೇ? ಹೋಬಿ 16 ಅಂಥ ಅದ್ವೈತ ದೋಣಿ. ಆದರೆ ದೋಣಿಯಲ್ಲಿ ಭೇದ ಅಳಿದ ಕೂಡಲೇ ದೃಷ್ಟಿ ಪಕ್ಕದವನ ಹೊಟ್ಟೆಯ ಮೇಲೆ ಬಿತ್ತು. ಆದಕಾರಣ ಇಬ್ಬರು ಹಾಯಿಗಾರರೂ ಸೇರಿ 285 ಪೌಂಡ್, ಅಂದರೆ ಸುಮಾರು 129 ಕಿಲೋ ತೂಗಬೇಕು. ಕಡಿಮೆ ಬಿದ್ದಷ್ಟು ಭಾರವನ್ನು ದೋಣಿಯಲ್ಲಿ ಹೊರಬೇಕು. ಹೆಚ್ಚು ತೂಗುವವನಿಗೆ ಮಾತ್ರ ಪರಿಹಾರ ಹೇಳಿಲ್ಲ. ಅವನದು ಕರ್ಮಫಲ.

ಸಿದ್ಧಾಂತ

ಗೆದ್ದವನು ಒಬ್ಬನೇ, ಅವನಿಗೆ ಕಾರಣ ಬೇಕಾಗಿಲ್ಲ. ಉಳಿದವರಿಗೆ ಮರ್ಯಾದೆಯ ಕಾರಣವೊಂದು ಬೇಕು. ಅದನ್ನು ತಪ್ಪದೆ ಒದಗಿಸುವ ಬಹುಜನೋಪಕಾರಿ ಶಾಸ್ತ್ರವೇ ರೇಟಿಂಗು. ಸೂತ್ರವನ್ನು ತಿದ್ದಿದರೆ ಕೊರಗು ನಾಶವಾಗದು, ಮಾಲೀಕನನ್ನು ಬದಲಿಸುತ್ತದೆ.

ಫಲಶ್ರುತಿ

ಇದನ್ನು ನಿತ್ಯ ಪಠಿಸಿದವನ ದೋಣಿ ಒಂದು ಗೇಣೂ ಹೆಚ್ಚು ಓಡದು. ಸೋತ ಸಂಜೆ ಯಾವ ಪ್ರಮಾಣದ ಮೇಲೆ ತಕರಾರು ಬರೆಯಬೇಕೆಂಬುದು ಮಾತ್ರ ಹೊಳೆಯುವುದು. ಆದರೆ ಬೇಗ ಬರೆಯಲಿ. ತಕರಾರು ಸಲ್ಲಿಸಲು ಗಡುವಿದೆ, ಮತ್ತು ಉದ್ದ, ತೂಕ, ಹಾಯಿ ಯಾವುದನ್ನೂ ಲೆಕ್ಕಿಸದೆ ಎಲ್ಲರಿಗೂ ಸಮನಾಗಿ ಓಡುವ ಗಡಿಯಾರ ಈ ಕ್ರೀಡೆಯಲ್ಲಿ ಅದೊಂದೇ.