ಕರಡಿ ಮಲಗಿದ್ದ ಭಾನುವಾರ

ನಮ್ಮ ಅಂಗಡಿಯ ನಾಲ್ಕನೇ ನಂಬರ್ ಸಿಸ್ಟಂ ಏಳು ತಿಂಗಳ ಕಾಲ ಒಬ್ಬ ವರನಿಗೆ ಹೆಣ್ಣು ಹುಡುಕಿತು. ವರನಿಗೆ ಫೆಬ್ರವರಿಯಲ್ಲೇ ಹೆಣ್ಣು ಗೊತ್ತಾಗಿ, ಏಪ್ರಿಲ್‌ನಲ್ಲಿ ಮದುವೆಯೂ ಆಗಿ, ನಾನೇ ಹೋಗಿ ಹೋಳಿಗೆ ತಿಂದು ಬಂದಿದ್ದೆ. ಆದರೂ ಅದು ಹುಡುಕುವುದನ್ನು ನಿಲ್ಲಿಸಲಿಲ್ಲ. ದಿನಾ ಬೆಳಿಗ್ಗೆ ಸ್ವಿಚ್ ಒತ್ತಿದರೆ ಪರದೆ ತುಂಬ ಅವನೇ. ತಲೆಯ ಮೇಲೊಂದು ಗಣಪತಿ, ಮೈಮೇಲೊಂದು ಬಾಡಿಗೆ ಕೋಟು, ಪಕ್ಕದಲ್ಲಿ ಗೋತ್ರ, ನಕ್ಷತ್ರ, ಎತ್ತರ, ತೋಟ.

ಇದರಲ್ಲಿ ಸಿಸ್ಟಂನ ತಪ್ಪೇನೂ ಇಲ್ಲ. ವರನ ತಪ್ಪು ಸ್ವಲ್ಪ, ನನ್ನದು ಪೂರ್ತಿ.

ಕಾಲೇಜು ರಸ್ತೆಯಲ್ಲಿ ಎಂಟು ಸಿಸ್ಟಂ ಇಟ್ಟುಕೊಂಡು ಸೈಬರ್ ನಡೆಸಿದವನಿಗೆ ಗೊತ್ತು, ಊರಿನ ಪೆನ್‌ಡ್ರೈವ್‌ಗಳಲ್ಲಿ ಏನೇನು ಸಂಸಾರ ಹೂಡಿರುತ್ತದೆ ಎಂದು. ಫೋಲ್ಡರಿನ ವೇಷ ಹಾಕಿಕೊಂಡೇ ಬರುವ ವೈರಸ್ಸು, ಬ್ರೌಸರಿನ ನೆತ್ತಿಯ ಮೇಲೆ ಒಂದರ ಮೇಲೊಂದು ಅಂತಸ್ತು ಎಬ್ಬಿಸುವ ಟೂಲ್‌ಬಾರುಗಳು, ಮೇಲ್ ತೆರೆದಿಟ್ಟೇ ಎದ್ದು ಹೋಗುವ ಗಿರಾಕಿ, ಅದನ್ನು ಆಸಕ್ತಿಯಿಂದ ಓದುವ ಮುಂದಿನ ಗಿರಾಕಿ. ವಾರಕ್ಕೊಂದು ಸಿಸ್ಟಂ ಫಾರ್ಮ್ಯಾಟ್ ಮಾಡಿ ಮಾಡಿ ನನ್ನ ಭಾನುವಾರಗಳೇ ಫಾರ್ಮ್ಯಾಟ್ ಆಗಿಹೋಗಿದ್ದವು. ಆಗ ಕಾಪಾಡಿದ್ದು ಮೈಕ್ರೋಸಾಫ್ಟ್ 2007ರಲ್ಲಿ ಪುಕ್ಕಟೆ ಕೊಟ್ಟ ವಿಂಡೋಸ್ ಸ್ಟೆಡಿಸ್ಟೇಟ್. ಗಿರಾಕಿ ಏನು ಹಾಳುಗೆಡವಿದರೂ ರೀಸ್ಟಾರ್ಟ್ ಮಾಡಿದರೆ ಸಿಸ್ಟಂ ಮೊದಲಿನಂತೆ. ಪುಕ್ಕಟೆ ಸುಖಕ್ಕೆ ಆಯಸ್ಸು ಕಮ್ಮಿ. ವಿಂಡೋಸ್ 7 ಬಂದಾಗ ಸ್ಟೆಡಿಸ್ಟೇಟ್ ಅದಕ್ಕೆ ಹೊಂದಲಿಲ್ಲ; 2010ರ ಡಿಸೆಂಬರ್ 31ಕ್ಕೆ ಕೊಡುವುದನ್ನೇ ನಿಲ್ಲಿಸಿದರು. ನಾನು ದುಡ್ಡು ಕೊಟ್ಟು ಕೆನಡಾದ ಡೀಪ್ ಫ್ರೀಜ್ ತಂದೆ. ಪರದೆಯ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ಒಂದು ಪುಟ್ಟ ಹಿಮಕರಡಿ ಬಂದು ಕೂತಿತು. ಕರಡಿ ಎಚ್ಚರವಾಗಿದ್ದರೆ ಸಿಸ್ಟಂ ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ಕೆಂಪು ಕತ್ತರಿ ಗುರುತು ಬಿದ್ದಿದ್ದರೆ ಕರಗಿದೆ ಎಂದು ಅರ್ಥ. ನಮ್ಮ ಅಂಗಡಿ ಹುಡುಗ ಇದಕ್ಕೆ 'ಕರಡಿ ಮಲಗಿಸೋದು', 'ಕರಡಿ ಎಬ್ಬಿಸೋದು' ಎಂದು ಹೆಸರಿಟ್ಟ. ಕಂಪನಿಯವರ ಭಾಷೆಗಿಂತ ಇದೇ ವಾಸಿ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಗಿರಾಕಿಗಳು ಕೇಳಿದರೆ ನಾನು ಬಾಳೆಎಲೆ ತೋರಿಸುತ್ತಿದ್ದೆ. ಹೋಟೆಲಿನ ಮೇಜಿನ ಮೇಲೆ ಎಲೆ ಹಾಸಿದ್ದಾರೆ. ನೀವು ಅನ್ನ ಕಲಸಿ, ಸಾರು ಹರಿಸಿ, ಪಾಯಸ ಚೆಲ್ಲಿ, ಎಲ್ಲಾ ಎಲೆಯ ಮೇಲೆ. ಸಿಸ್ಟಂ ರೀಸ್ಟಾರ್ಟ್ ಆಗುವುದೆಂದರೆ ಎಲೆ ಮಡಚಿ ಎಸೆದ ಹಾಗೆ. ಕೆಳಗಿನ ಮೇಜಿಗೆ ಏನೂ ಗೊತ್ತಿಲ್ಲ.

ಉಪಮೆ ಎಲ್ಲರಿಗೂ ಅರ್ಥವಾಯಿತು, ನಿವೃತ್ತ ಮೇಷ್ಟ್ರೊಬ್ಬರನ್ನು ಬಿಟ್ಟು. ಅವರು ಆರನೇ ನಂಬರಿನಲ್ಲಿ ಕೂತು ನುಡಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಆತ್ಮಕಥೆ ಟೈಪ್ ಮಾಡುತ್ತಿದ್ದರು. ಡೆಸ್ಕ್‌ಟಾಪ್ ಮೇಲೆ ಉಳಿಸಬೇಡಿ ಸಾರ್, ಪೆನ್‌ಡ್ರೈವ್ ತನ್ನಿ ಎಂದರೆ, "ನಿನ್ನ ಅಂಗಡೀಲಿ ಕಳ್ಳತನ ಆಗುತ್ತೇನಯ್ಯ?" ಎನ್ನುವರು. ಮೊದಲನೆ ಅಧ್ಯಾಯ ಎರಡು ಸಲ ಎಲೆಯ ಜೊತೆ ಹೋಯಿತು. ಎರಡನೆಯ ಸಲ ನಾನು ಗೋಡೆಗೆ ಬೋರ್ಡು ಹಾಕಿಸಿದೆ: 'ಡೆಸ್ಕ್‌ಟಾಪ್ ಮೇಲೆ ಉಳಿಸಿದ್ದಕ್ಕೆ ನಾವು ಜವಾಬ್ದಾರರಲ್ಲ.' ಮೂರನೆಯ ಸಲ ಬರೆದು ಮುಗಿಸಿ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹೇಳಿದರು: "ಮೊದಲೆರಡು ಸಲ ದಾಯಾದಿಗಳನ್ನ ನಾಲ್ಕು ಪುಟ ಬೈದಿದ್ದೆ ಕಣಯ್ಯ. ಈ ಸಲ ಟೈಪ್ ಮಾಡೋಕೆ ಬೇಜಾರಾಗಿ ಬಿಟ್ಟುಬಿಟ್ಟೆ." ಒಂದು ವಂಶದ ಜಗಳವನ್ನು ನಿಲ್ಲಿಸಿದ ಕೀರ್ತಿ ನಮ್ಮ ಕರಡಿಗೆ ಇದೆ.

ಇದೇ ಹೊತ್ತಿಗೆ, 2011ರಲ್ಲಿ, ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆಂದೇ ನಿಯಮ ತಂದಿತು. ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು, ಯಾರು ಯಾವ ವೆಬ್‌ಸೈಟ್ ನೋಡಿದರು ಎಂಬ ದಾಖಲೆಯನ್ನು ಒಂದು ವರ್ಷ ಕಾಪಾಡಬೇಕು. ಎಲ್ಲ ಮರೆಯಲಿ ಎಂದು ದುಡ್ಡು ಕೊಟ್ಟು ಕರಡಿ ತಂದವನು, ಏನೂ ಮರೆಯಬಾರದೆಂದು ಕೌಂಟರಿನಲ್ಲಿ ಒಂಬತ್ತನೇ ಸಿಸ್ಟಂ ಇಟ್ಟೆ. ಅದಕ್ಕೆ ಕರಡಿ ಇಲ್ಲ.

ಎಲ್ಲ ಸರಿ, ಅಪ್‌ಡೇಟ್ ಒಂದು ಬಿಟ್ಟು. ಬಾಳೆಎಲೆಗೆ ಪಾಯಸ ಯಾವುದು, ಔಷಧ ಯಾವುದು ಎಂಬ ಭೇದ ಇಲ್ಲವಲ್ಲ. ವಿಂಡೋಸ್ ಬೆಳಿಗ್ಗೆ ಎದ್ದು ತನಗೆ ಬೇಕಾದ ಅಪ್‌ಡೇಟನ್ನು ಇಳಿಸಿಕೊಳ್ಳುತ್ತದೆ, ಆ್ಯಂಟಿವೈರಸ್ ಹೊಸ ವೈರಸ್ಸುಗಳ ಪಟ್ಟಿ ತರಿಸಿಕೊಳ್ಳುತ್ತದೆ. ರಾತ್ರಿ ಆಫ್ ಮಾಡಿದರೆ ಎರಡೂ ಎಲೆಯ ಜೊತೆ ತಿಪ್ಪೆಗೆ. ಮರುದಿನ ಎಂಟೂ ಸಿಸ್ಟಂ ಅದನ್ನೇ ಮತ್ತೆ ಎಂಟು ಸಲ ಇಳಿಸಿಕೊಳ್ಳುತ್ತವೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಮಳೆಯ ಬಿಲ್ಲು ಮಾತ್ರ ನನಗೆ. ಆದ್ದರಿಂದ ತಿಂಗಳಿಗೊಂದು ಭಾನುವಾರ ಶಟರ್ ಅರ್ಧ ಇಳಿಸಿ, ಪಾಸ್‌ವರ್ಡ್ ಹಾಕಿ, ಕರಡಿ ಮಲಗಿಸಿ, ಅಪ್‌ಡೇಟ್ ಮಾಡಿ, ಮತ್ತೆ ಕರಡಿ ಎಬ್ಬಿಸಬೇಕು.

ಮೊದಲನೆಯ ಭಾನುವಾರವೇ ಎಡವಿದೆ. ವಿಂಡೋಸ್ ಅಪ್‌ಡೇಟಿನ ಅರ್ಧ ಕೆಲಸವನ್ನು ರೀಸ್ಟಾರ್ಟ್ ಆದಮೇಲೆ ಮಾಡುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಅದಕ್ಕೆ ಮುಂಚೆಯೇ ಕರಡಿ ಎಬ್ಬಿಸಿಬಿಟ್ಟೆ. ಸೋಮವಾರದಿಂದ ಎಂಟೂ ಸಿಸ್ಟಂಗಳು ಆನ್ ಆದೊಡನೆ ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಎಂದು ಇಪ್ಪತ್ತು ನಿಮಿಷ ಕೂತವು. ಮುಗಿಸಿದ್ದೇನೋ ಮುಗಿಸಿದವು, ಆದರೆ ಎಲೆಯ ಮೇಲೆ. ಮಂಗಳವಾರ ಮತ್ತೆ ಅದೇ ಇಪ್ಪತ್ತು ನಿಮಿಷ. ಬುಧವಾರ ಮತ್ತೆ. ಆ ವಾರ ಗಿರಾಕಿಗಳೆಲ್ಲ ಪಕ್ಕದ ಬೇಕರಿಯಲ್ಲಿ ಟೀ ಕುಡಿದರು. ಬೇಕರಿಯವನು ಅದಾದಮೇಲೂ ತಿಂಗಳುಗಟ್ಟಲೆ ನನ್ನನ್ನು ಕಂಡರೆ ಪ್ರೀತಿಯಿಂದ ನಗುತ್ತಿದ್ದ.

ಇನ್ನು ಆ ಭಾನುವಾರ. 2012ರ ನವೆಂಬರ್. ಅವತ್ತು ವಿಂಡೋಸ್ ಮಾತ್ರವಲ್ಲ, ಕರಡಿಯನ್ನೇ ಬದಲಾಯಿಸುವುದಿತ್ತು. ಕಾವಲುಗಾರನಿಗೂ ವಯಸ್ಸಾಗುತ್ತದೆ, ಹೊಸ ಆವೃತ್ತಿ ಹಾಕಬೇಕಾದರೆ ಹಳೆಯ ಕರಡಿಯನ್ನು ಮಲಗಿಸಿ, ಕಿತ್ತು, ಹೊಸದನ್ನು ತಂದು ಕೂರಿಸಬೇಕು. ನಡುವೆ ಒಂದು ಗಂಟೆ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಆ ಹೊತ್ತಿನಲ್ಲಿ ಬಿದ್ದಿದ್ದೆಲ್ಲ ನೇರ ಮೇಜಿನ ಮೇಲೆ.

ಆ ಗಂಟೆಯಲ್ಲೇ ವರ ಶಟರಿನ ಕೆಳಗಿಂದ ಬಗ್ಗಿ ಬಂದ. "ಅರ್ಜೆಂಟ್ ಅಣ್ಣ, ಬ್ರೋಕರ್‌ಗೆ ನಾಳೆ ಬೆಳಿಗ್ಗೆ ಬಯೋಡೇಟಾ ಕೊಡಬೇಕು." ನಾನು ಒಂದನೇ ನಂಬರಿನಲ್ಲಿ ಮುಳುಗಿದ್ದೆ. ಹುಡುಗ ನಾಲ್ಕನೆಯದರಲ್ಲಿ ಅವನನ್ನು ಕೂರಿಸಿ, ಗಣಪತಿ ಸಮೇತ ಬಯೋಡೇಟಾ ಮಾಡಿ, ಚಿತ್ರವಾಗಿ ಡೆಸ್ಕ್‌ಟಾಪಿನ ಮೇಲಿಟ್ಟು, ಟೀ ತರಲು ಹೋದ. ವರನಿಗೆ ತಡೆಯಲಾಗಲಿಲ್ಲ. ಚಿತ್ರದ ಮೇಲೆ ರೈಟ್‌ಕ್ಲಿಕ್ ಮಾಡಿ ಪ್ರಿಂಟ್ ಕೊಡಲು ಹೋದ. ವಿಂಡೋಸ್ 7ರಲ್ಲಿ 'ಪ್ರಿಂಟ್' ಎಂಬುದಕ್ಕೆ ಎರಡು ಸಾಲು ಮೇಲೆ 'ಇದನ್ನೇ ಡೆಸ್ಕ್‌ಟಾಪ್ ಹಿನ್ನೆಲೆ ಮಾಡು' ಎಂಬ ಸಾಲಿದೆ. ಮೌಸ್ ಜಾರಿತು. ಪರದೆ ತುಂಬ ತಾನೇ ಕಂಡು ಗಾಬರಿಯಾಗಿ, ಮಾನಿಟರ್ ಆಫ್ ಮಾಡಿ, "ನಾಳೆ ಬರ್ತೀನಿ ಅಣ್ಣ" ಎಂದು ಹೊರಟೇಹೋದ. ನಾನು ಪರದೆ ನೋಡದೆ ಹೊಸ ಕರಡಿ ಕೂರಿಸಿದೆ. ಹೊಸ ಕರಡಿ ಹೊಸ ಪಾಸ್‌ವರ್ಡ್ ಕೇಳಿತು. ಎಂಟಕ್ಕೂ ಒಂದೇ ಕೊಟ್ಟು, ಮರೆಯಬಾರದೆಂದು ಕ್ಯಾಲೆಂಡರಿನ ನವೆಂಬರ್ ಹಾಳೆಯ ಅಂಚಿನಲ್ಲಿ ಬರೆದಿಟ್ಟೆ.

ಸೋಮವಾರ ವರ ಬಂದು ತೋಟದ ವಿಸ್ತೀರ್ಣ ತಿದ್ದಿಸಿ, ಪ್ರಿಂಟ್ ತೆಗೆಸಿಕೊಂಡು ಹೋದ. ನಾವು ವಾಲ್‌ಪೇಪರ್ ಬದಲಾಯಿಸಿದೆವು. ಮಂಗಳವಾರ ಬೆಳಿಗ್ಗೆ ಬೇತಾಳ ಮತ್ತೆ ಮರದ ಮೇಲೆ. ಕರಡಿ ಮಲಗಿಸಿ ಅಳಿಸಿದರಾಯಿತು, ಮುಂದಿನ ಭಾನುವಾರ ಎಂದುಕೊಂಡೆ. ಮುಂದಿನ ಭಾನುವಾರ ಒಂದು ಮದುವೆ, ಅದರ ಮುಂದಿನದು ಇನ್ನೊಂದು. ಜನವರಿ ಬಂತು, ಗೋಡೆಗೆ ಹೊಸ ಕ್ಯಾಲೆಂಡರ್ ಬಂತು. ಹಳೆಯದನ್ನು ಹುಡುಗ ನಮ್ಮ ಮನೆಗೆ ಕೊಟ್ಟಿದ್ದ, ಮನೆಯಲ್ಲಿ ಎಲ್ಲಿಟ್ಟರೆಂದು ಯಾರಿಗೂ ನೆನಪಿಲ್ಲ. ಪಾಸ್‌ವರ್ಡ್ ಇಲ್ಲದೆ ಕರಡಿ ಬಗ್ಗುವುದಿಲ್ಲ. ಬಗ್ಗುವ ಹಾಗಿದ್ದರೆ ಅದನ್ನು ತಂದಿದ್ದಾದರೂ ಏಕೆ? ಎಂಟೂ ಸಿಸ್ಟಂಗಳು ನವೆಂಬರ್‌ನಲ್ಲೇ ನಿಂತವು. ಆ್ಯಂಟಿವೈರಸ್ ತನಗೆ ವಯಸ್ಸಾಯಿತೆಂದು ದಿನಾ ಬೆಳಿಗ್ಗೆ ಗೊಣಗುವುದು, ನಾನು ಕೇಳದವನಂತೆ ಊದುಬತ್ತಿ ಹಚ್ಚುವುದು.

ಮೇ ಕೊನೆಯಲ್ಲಿ ವರ ಹೆಂಡತಿಯನ್ನು ಕರೆದುಕೊಂಡು ರೇಷನ್ ಕಾರ್ಡಿನ ಅರ್ಜಿಗೆ ಬಂದ. ಖಾಲಿ ಇದ್ದದ್ದು ನಾಲ್ಕನೆಯದು ಮಾತ್ರ. ಆ ಹುಡುಗಿ ಪರದೆಯನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಓದಿದಳು.

"ಇಲ್ಲಿ ಅಡಿಕೆ ತೋಟ ಒಂದೂವರೆ ಎಕರೆ ಅಂತಿದೆಯಲ್ಲ ರೀ. ನಮ್ಮನೆಗೆ ಬಂದಿದ್ದರಲ್ಲಿ ಮೂರು ಇತ್ತು."

ಸೋಮವಾರದ ತಿದ್ದುಪಡಿ ಎಲೆಯ ಜೊತೆ ಹೋಗಿತ್ತು. ಭಾನುವಾರದ ಸತ್ಯ ಮಾತ್ರ ಹೆಪ್ಪುಗಟ್ಟಿ ಉಳಿದಿತ್ತು. ವರ ನನ್ನನ್ನು ನೋಡಿದ. ನಾನು ಕರಡಿಯನ್ನು ನೋಡಿದೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮಗಳ ಗಣಿತದ ಪುಸ್ತಕಕ್ಕೆ ಹಾಕಿದ ಹೊದಿಕೆಯ ಮೇಲೆ, ಹಾಲಿನ ಲೆಕ್ಕಕ್ಕೂ ಸಿಲಿಂಡರ್ ಬಂದ ತಾರೀಕಿಗೂ ಮಧ್ಯೆ, ನನ್ನ ಕೈಬರಹ ಸಿಕ್ಕಿತು. ಆ ಭಾನುವಾರ ಶಟರ್ ಪೂರ್ತಿ ಇಳಿಸಿ, ಒಳಗಿಂದ ಚಿಲಕ ಹಾಕಿ, ಕರಡಿ ಮಲಗಿಸಿದೆ. ಬಯೋಡೇಟಾ, ಅದರ ಚಿತ್ರ, ರೀಸೈಕಲ್ ಬಿನ್ ಎಲ್ಲ ಗುಡಿಸಿ ಸಾರಿಸಿದೆ. ಏಳು ತಿಂಗಳ ಅಪ್‌ಡೇಟ್ ಇಳಿಸಿ, ಮೂರು ಸಲ ರೀಸ್ಟಾರ್ಟ್ ಮಾಡಿ, ಎಂಟೂ ಪರದೆಗಳನ್ನು ಕಣ್ಣಾರೆ ನೋಡಿ ಕರಡಿ ಎಬ್ಬಿಸಿದೆ.

ಸೋಮವಾರ ಬೆಳಿಗ್ಗೆ ಮೊದಲ ಗಿರಾಕಿಗಳು ಆ ದಂಪತಿಗಳೇ.

"ತಮ್ಮನಿಗೂ ಹೆಣ್ಣು ನೋಡ್ತಿದ್ದೀವಿ ಅಣ್ಣ. ಹೆಂಗೂ ನಂದು ನಿಮ್ಮಲ್ಲಿ ಇದ್ದೇ ಇದೆಯಲ್ಲ, ಹೆಸರು, ಹುಟ್ಟಿದ ತಾರೀಕು ಬದಲಾಯಿಸಿದರೆ ಆಯ್ತು."

ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ನಾಲ್ಕನೇ ನಂಬರಿನಲ್ಲಿ ಕೂತು ಗಣಪತಿಯಿಂದ ಶುರುಮಾಡಿ ಪೂರ್ತಿ ಮತ್ತೆ ಟೈಪ್ ಮಾಡಿದೆ. ತೋಟದ ಸಾಲು ಬಂದಾಗ ಹುಡುಗಿ, "ಒಂದೂವರೆ ಅಂತಲೇ ಹಾಕಿ" ಎಂದಳು. ಉಳಿಸಿದೆ. ಎದ್ದು ಪ್ರಿಂಟರಿಗೆ ಹಾಳೆ ತುಂಬುತ್ತಿರುವಾಗ ಕರೆಂಟು ಹೋಯಿತು. ಮುದಿ ಯುಪಿಎಸ್ ಎರಡು ಸಲ ಕುಂಯ್‌ಗುಟ್ಟಿ ಸುಮ್ಮನಾಯಿತು.

"ಎಲ್ಲಿ ಉಳಿಸಿದ್ರಿ ಅಣ್ಣ?" ಎಂದ ಅವನು. ನಾನು ಉತ್ತರ ಹುಡುಕುತ್ತಿದ್ದೆ. ಅವನ ಹೆಂಡತಿ ಅಷ್ಟರಲ್ಲಿ ಗೋಡೆಯ ಬೋರ್ಡನ್ನು ಗಟ್ಟಿಯಾಗಿ ಓದತೊಡಗಿದ್ದಳು.