ಹೆಬ್ಬೆರಳ ಮೀಮಾಂಸೆ: ಆನೆಮರಿ ಮತ್ತು ಅವಿಶ್ವಾಸ ನಿರ್ಣಯಗಳ ನಡುವಣ ರಸಸಂಕರದ ಬಗ್ಗೆ ಒಂದು ಶಾಸ್ತ್ರೀಯ ವಿವೇಚನೆ

ಈ ಪ್ರಬಂಧಕ್ಕೆ ಕಾರಣವಾದ ಘಟನೆ ನಡೆದದ್ದು ಬೆಳಗಿನ ಆರೂ ಮುಕ್ಕಾಲಕ್ಕೆ, ಒಲೆಯ ಮೇಲಿನ ಹಾಲು ಉಕ್ಕುವುದಕ್ಕೆ ಸ್ವಲ್ಪ ಮೊದಲು. ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ದೊಡ್ಡಪ್ಪ ಒಂದು ಆನೆಮರಿಯ ವಿಡಿಯೊ ಹಾಕಿದ್ದರು. ಮರಿ ಕೆಸರುಹೊಂಡದಿಂದ ಮೇಲೆ ಹತ್ತಲು ನೋಡುತ್ತದೆ, ಜಾರುತ್ತದೆ. ತಾಯಿ ಸೊಂಡಿಲು ಚಾಚುತ್ತದೆ. ಮರಿ ಮತ್ತೆ ಜಾರುತ್ತದೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಕೆಳಗೆ ಚಿಕ್ಕಮ್ಮ, "ಆಮೇಲೆ? ಮೇಲೆ ಬಂತಾ?" ಎಂದು ಕೇಳಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ. ಕಣ್ಣು ಮಂಜಾಗಿ ನಾನು ಹೃದಯದ ಚಿಹ್ನೆ ಒತ್ತಲು ಹೋದೆ. ಅಷ್ಟರಲ್ಲಿ ಹೊಸ ಸಂದೇಶವೊಂದು ಬಂದು ಪರದೆ ಎರಡು ಬೆರಳಗಲ ಸರಿದುಬಿಟ್ಟಿತು. ಹೃದಯ ಹೋಗಿ ಬಿದ್ದದ್ದು, ರಾತ್ರೋರಾತ್ರಿ ಪಕ್ಷ ಬದಲಿಸಿ ಹೊಸ ಶಾಲು ಹೊದ್ದು ನಿಂತಿದ್ದ ಶಾಸಕರೊಬ್ಬರ ಫೋಟೊದ ಮೇಲೆ.

ಐದು ನಿಮಿಷದಲ್ಲಿ ದೊಡ್ಡಪ್ಪನ ಫೋನು. "ನೀನೂ ಆ ಕಡೆಗೇ ಹೋದೆಯೇನೋ?"

ಹಾಲು ಉಕ್ಕಿತು. ಶಾಸ್ತ್ರಗಳು ಹುಟ್ಟುವುದು ಇಂಥ ಸಂದರ್ಭಗಳಲ್ಲೇ.

ದೋಷನಿರೂಪಣೆ

ವಿರುದ್ಧ ರಸಗಳನ್ನು ಒಂದರ ಪಕ್ಕ ಒಂದು ಕೂರಿಸಬಾರದೆಂದು ನಮ್ಮ ಆಲಂಕಾರಿಕರು ಸಾವಿರ ವರ್ಷದ ಹಿಂದೆಯೇ ಹೇಳಿಟ್ಟಿದ್ದಾರೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಇದಕ್ಕೆ ಮದ್ದನ್ನೂ ಸೂಚಿಸಿದ: ಜಗಳವಾಡುವ ಎರಡು ರಸಗಳ ನಡುವೆ, ಇಬ್ಬರಿಗೂ ಬೇಕಾದ ಮೂರನೆಯದೊಂದನ್ನು ತಂದು ಕೂರಿಸಬೇಕು. ನಾಗಾನಂದ ನಾಟಕದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತ ಬಂದು ಕೂತದ್ದು ಹೀಗೆ. ಮದುವೆಮನೆಯಲ್ಲಿ ಮಾತು ಬಿಟ್ಟ ಇಬ್ಬರು ಭಾವಮೈದುನರ ನಡುವೆ ನಾವು ಒಬ್ಬ ಕಿವುಡ ಸೋದರಮಾವನನ್ನು ಕೂರಿಸುವುದಿಲ್ಲವೇ, ಅದೇ ತತ್ತ್ವ.

ಇಂದಿನ ಫೋನು ಈ ನಿಯಮವನ್ನು ತಿಳಿಯದೆಯೇ ಪಾಲಿಸುತ್ತಿದೆ ಎಂಬುದು ಈ ಅಧ್ಯಯನದ ಮೊದಲ ಶೋಧ. ಆನೆಮರಿಗೂ ಅವಿಶ್ವಾಸ ನಿರ್ಣಯಕ್ಕೂ ನಡುವೆ ಅದು ಮಂಡಿನೋವಿನ ಎಣ್ಣೆಯ ಜಾಹೀರಾತನ್ನು ತಂದು ಕೂರಿಸುತ್ತದೆ. ಆ ಎಣ್ಣೆ ಯಾವ ರಸಕ್ಕೆ ಸೇರಿದ್ದೆಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಾಸನೆಯಿಂದ ಬೀಭತ್ಸ, ಬೆಲೆಯಿಂದ ಭಯಾನಕ, ಅದು ಮಾಡುವುದಾಗಿ ಹೇಳಿಕೊಳ್ಳುವ ಕೆಲಸದಿಂದ ಅದ್ಭುತ.

ಇನ್ನು ಅಷ್ಟ ಸಾತ್ವಿಕ ಭಾವಗಳು. ಭರತಮುನಿ ಹೇಳಿದ ಎಂಟೂ ಇವತ್ತಿನ ಓದುಗನಲ್ಲಿ ಚಾಚೂ ತಪ್ಪದೆ ಕಾಣಿಸುತ್ತವೆ. ಸ್ತಂಭ ಎಂದರೆ ಚಲಿಸುತ್ತಿದ್ದ ಹೆಬ್ಬೆರಳು ತಟ್ಟನೆ ನಿಲ್ಲುವುದು. ವೇಪಥು, ಅಂದರೆ ನಡುಕ, ಈಗ ಮೈಯಿಂದ ಜೇಬಿಗೆ ವರ್ಗವಾಗಿದೆ. ವೈವರ್ಣ್ಯವು ರಾತ್ರಿ ಹೊದಿಕೆಯೊಳಗೆ ಮುಖದ ಮೇಲೆ ಬೀಳುವ ನೀಲಿ ಬೆಳಕು. ಸ್ವರಭಂಗಕ್ಕೆ ವಾಯ್ಸ್ ಮೆಸೇಜುಗಳಿವೆ. ಸ್ವೇದ, ರೋಮಾಂಚ, ಅಶ್ರುಗಳನ್ನು ವಿವರಿಸಬೇಕಿಲ್ಲ. ಕೊನೆಯದಾದ ಪ್ರಳಯ ಬ್ಯಾಟರಿ ಮುಗಿಯುವುದು.

ಪೂರ್ವಪಕ್ಷ

ಇಷ್ಟು ಹೇಳುವಾಗಲೇ ಒಬ್ಬರು ಎದ್ದು ನಿಲ್ಲುತ್ತಾರೆ. ಯಾವ ಸಭೆಯಲ್ಲೂ ಅವರಿರುತ್ತಾರೆ. "ಇದರಲ್ಲೇನಿದೆ ಸ್ವಾಮಿ, ಬೇವು ಬೆಲ್ಲ! ಎರಡನ್ನೂ ಸಮವಾಗಿ ತಗೊಂಡರಾಯಿತು."

ಈ ವಾದವನ್ನು ನಾನು ಗೌರವದಿಂದಲೇ ತಳ್ಳಿಹಾಕುತ್ತೇನೆ. ಮೊದಲನೆಯದಾಗಿ, ಯುಗಾದಿ ವರ್ಷಕ್ಕೊಮ್ಮೆ. ಎರಡನೆಯದಾಗಿ, ಬೇವು ಬೆಲ್ಲ ಎಂದೂ ಸಮವಲ್ಲ. ನಮ್ಮಜ್ಜಿಯ ಬಟ್ಟಲಲ್ಲಿ ಬೆಲ್ಲ, ಹುರಿಗಡಲೆ, ಕೊಬ್ಬರಿಗಳ ನಡುವೆ ಬೇವಿನ ಹೂವು ಹುಡುಕಿದರೆ ಸಿಗಬೇಕು, ಅಷ್ಟೇ ಇರುತ್ತಿತ್ತು. ಮೂರನೆಯ ಮತ್ತು ಮುಖ್ಯ ಆಕ್ಷೇಪ: ಅಲ್ಲಿ ಬೆರೆಸುವ ಕೈ ಯಾರದೆಂದು ಮನೆಮಂದಿಗೆಲ್ಲ ಗೊತ್ತಿತ್ತು. ಕಹಿ ಜಾಸ್ತಿಯಾದರೆ ಅಡಿಗೆಮನೆಗೆ ಹೋಗಿ ಗೊಣಗಬಹುದಿತ್ತು.

ಹಾಗಾದರೆ ಇಲ್ಲಿ ಬೆರೆಸುವವರು ಯಾರು? 2012ರ ಜನವರಿಯಲ್ಲಿ ಒಂದು ವಾರ ಕಾಲ ಫೇಸ್‌ಬುಕ್ ತನ್ನ 6,89,003 ಬಳಕೆದಾರರ ಬಟ್ಟಲುಗಳಲ್ಲಿ ಬೇವು ಬೆಲ್ಲದ ಪ್ರಮಾಣವನ್ನು ಬದಲಿಸಿ ನೋಡಿತು. ಕೆಲವರಿಗೆ ಸಂತೋಷದ ಬರಹಗಳನ್ನು ಕಡಿಮೆ ಮಾಡಿದರು, ಕೆಲವರಿಗೆ ದುಃಖದವನ್ನು. ಯಾರಿಗೂ ಹೇಳಲಿಲ್ಲ. 2014ರಲ್ಲಿ ಇದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದಾಗ ದೊಡ್ಡ ಗಲಾಟೆಯಾಯಿತು. ಫಲಿತಾಂಶ ಮಾತ್ರ ಬಲು ಸಣ್ಣದು: ಬೆಲ್ಲ ಕಡಿಮೆಯಾದವರ ಬರಹದಲ್ಲಿ ಸಿಹಿ ಮಾತು ಕೂದಲೆಳೆಯಷ್ಟು ಕಡಿಮೆಯಾಯಿತು, ಬೇವು ಕಡಿಮೆಯಾದವರಲ್ಲಿ ಅದರ ತಿರುಗುಮುರುಗು. ಇಂಗ್ಲಿಷಿನಲ್ಲಿ ಫೇಸ್‌ಬುಕ್ ನೋಡುವವರನ್ನಷ್ಟೇ ಆರಿಸಿಕೊಂಡಿದ್ದರಿಂದ ಕನ್ನಡದಲ್ಲಿ ನೋಡುತ್ತಿದ್ದವರು ಬಚಾವಾದರು. ಭಾಷಾಭಿಮಾನದಿಂದ ಆದ ಲಾಭಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬಹುದು. ನನ್ನನ್ನು ಕಾಡುವುದು ಆ ಸಂಖ್ಯೆಯ ಬಾಲ. ಆರು ಲಕ್ಷ ಎಂಬತ್ತೊಂಬತ್ತು ಸಾವಿರ ಸರಿ, ಆ ಕೊನೆಯ ಮೂವರು ಯಾರು? ಆ ವಾರ ಸುಮ್ಮಸುಮ್ಮನೆ ಅವರ ಮನೆಯಲ್ಲಿ ಜಗಳವಾಗಿರಬಹುದೇ?

ರಸಗಳ ತೂಕ

2016ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಲೈಕ್ ಜೊತೆಗೆ ಐದು ಹೊಸ ಚಿಹ್ನೆಗಳನ್ನು ಕೊಟ್ಟಿತು. ಹೃದಯ, ನಗುಮುಖ, ಬೆರಗು, ಕಣ್ಣೀರು, ಕೋಪ. ಅಂದರೆ ಶೃಂಗಾರ, ಹಾಸ್ಯ, ಅದ್ಭುತ, ಕರುಣ, ರೌದ್ರ. ಕೊರೊನಾ ಕಾಲದಲ್ಲಿ ಅಪ್ಪಿಕೊಂಡ ಮುಖವೊಂದು ಸೇರಿ ವಾತ್ಸಲ್ಯವೂ ಬಂತು. ಭರತ ರಸಗಳಿಗೆ ಬಣ್ಣಗಳನ್ನೂ ಹೇಳಿದ್ದಾನೆ: ರೌದ್ರ ಕೆಂಪು, ಅದ್ಭುತ ಹಳದಿ. ಕೋಪದ ಮುಖ ಕೆಂಪೇ, ಬೆರಗಿನ ಮುಖ ಹಳದಿಯೇ! ಕ್ಯಾಲಿಫೋರ್ನಿಯಾದವರು ನಾಟ್ಯಶಾಸ್ತ್ರ ಕದ್ದರೆನ್ನುವುದಕ್ಕೆ ದೊಡ್ಡಪ್ಪನಿಗೆ ಇದಕ್ಕಿಂತ ಸಾಕ್ಷಿ ಬೇಕಾಗಲಿಲ್ಲ. ನಗುವ ಮುಖವೂ ಅಳುವ ಮುಖವೂ ಹಳದಿಯೇ ಅಲ್ಲವೇ ಎಂಬ ನನ್ನ ಆಕ್ಷೇಪಕ್ಕೆ ಅವರು ಹೆಬ್ಬೆರಳನ್ನು ಕೆಳಮುಖ ಮಾಡಿ ಕಳಿಸಿದರು. ಒಂಬತ್ತನೆಯದಾದ, ಅಭಿನವಗುಪ್ತ ಅಷ್ಟೊಂದು ವಾದ ಮಾಡಿ ಗಟ್ಟಿಮಾಡಿದ ಶಾಂತಕ್ಕೆ ಪರದೆಯ ಮೇಲೆ ಗುಂಡಿಯಿಲ್ಲ. ಅದು ಫೋನಿನ ಪಕ್ಕೆಯಲ್ಲಿದೆ, ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ಭರತನಿಗೂ ಇವರಿಗೂ ಇರುವ ನಿಜವಾದ ವ್ಯತ್ಯಾಸ ಬೇರೆ. ಭರತ ರಸಗಳಿಗೆ ಬಣ್ಣ ಕೊಟ್ಟ, ಅಧಿದೇವತೆಗಳನ್ನು ಕೊಟ್ಟ, ತೂಕ ಕಟ್ಟಲಿಲ್ಲ. ಇವರು ಕಟ್ಟಿದರು. 2017ರಲ್ಲಿ ಲೈಕ್ ಒಂದು ತೊಲವಾದರೆ ಈ ಹೊಸ ಚಿಹ್ನೆಗಳು ತಲಾ ಐದು ತೊಲ ತೂಗುತ್ತಿದ್ದವು. ಯಾವ ಬರಹವನ್ನು ಎಷ್ಟು ಮಂದಿಯ ಕಣ್ಣಿಗೆ ಬೀಳಿಸಬೇಕೆಂಬುದು ಆ ತಕ್ಕಡಿಯಲ್ಲಿ ನಿರ್ಧಾರವಾಗುತ್ತಿತ್ತು. ಶಾಸಕರ ಶಾಲು ಕಂಡು ನೀವು ಕೋಪದ ಮುಖ ಒತ್ತಿದಿರೆನ್ನಿ. ನೀವು ಉಗಿದದ್ದು ಎಂದುಕೊಂಡಿರಿ, ಯಂತ್ರ ಅದನ್ನು ಐದು ಪಟ್ಟು ಮೆಚ್ಚುಗೆ ಎಂದು ಬರೆದುಕೊಂಡಿತು, ಆ ಶಾಲನ್ನು ಇನ್ನಷ್ಟು ಮನೆಗಳಿಗೆ ಹೊದಿಸಿತು. ಕೋಪದ ತೂಕವನ್ನು ಸೊನ್ನೆಗೆ ಇಳಿಸಿದ್ದು 2020ರ ಸೆಪ್ಟೆಂಬರಿನಲ್ಲಿ. ಆ ಕಂಪನಿಯ ಒಳಗಿನ ಕಾಗದಪತ್ರಗಳು ಹೊರಬಿದ್ದು ಈ ತೂಕದ ಕಲ್ಲುಗಳು ನಮಗೆ ಕಂಡದ್ದು 2021ರಲ್ಲಿ. ಅಷ್ಟರೊಳಗೆ ನಮ್ಮ ಮನೆತನದಲ್ಲೇ ಇಬ್ಬರು ಮಾತು ಬಿಟ್ಟಿದ್ದರು.

ಒಂದು ಬೆಕ್ಕು, ಒಂದು ನಾಯಿ

ಶಾಸ್ತ್ರಕ್ಕೆ ದೃಷ್ಟಾಂತಗಳು ಬೇಕು. ಲಂಡನ್ನಿನ ಹತ್ತನೆಯ ನಂಬರ್ ಡೌನಿಂಗ್ ಸ್ಟ್ರೀಟಿನಲ್ಲಿ ಲ್ಯಾರಿ ಎಂಬ ಬೆಕ್ಕಿದೆ. 2011ರ ಫೆಬ್ರವರಿಯಲ್ಲಿ ಇಲಿ ಹಿಡಿಯುವ ಕೆಲಸಕ್ಕೆ ಬಂದದ್ದು. 2024ರ ಕೊನೆಯವರೆಗೆ ಅದು ಆರು ಪ್ರಧಾನಿಗಳನ್ನು ಕಂಡಿತು: ಕ್ಯಾಮರೂನ್, ಮೇ, ಜಾನ್ಸನ್, ಟ್ರಸ್, ಸುನಾಕ್, ಸ್ಟಾರ್ಮರ್. ರಾಜೀನಾಮೆ ಭಾಷಣಕ್ಕೆ ಕಾದು ನಿಂತ ಕ್ಯಾಮೆರಾಗಳ ಮುಂದೆ ಅದು ಬಂದು ಕೂತರೆ ಜಗತ್ತಿನ ಅರ್ಧ ಮಂದಿಗೆ ರಾಜೀನಾಮೆ ಮರೆತುಹೋಗುತ್ತದೆ. ನಾನು ಕುತೂಹಲಕ್ಕೆ ಲೆಕ್ಕ ಹಾಕಿದೆ. ಅದೇ ಅವಧಿಯಲ್ಲಿ ಕರ್ನಾಟಕವೂ ಸರಿಯಾಗಿ ಆರು ಮಂದಿ ಮುಖ್ಯಮಂತ್ರಿಗಳನ್ನು ಕಂಡಿದೆ: ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್, ಸಿದ್ದರಾಮಯ್ಯ, ಕುಮಾರಸ್ವಾಮಿ, ಬೊಮ್ಮಾಯಿ. ಹೋಗಿ ಬಂದವರನ್ನೂ ಸೇರಿಸಿದರೆ ಬೆಕ್ಕು ಕೆಲಸಕ್ಕೆ ಸೇರಿದ ಮೇಲೆ ಆ ಅವಧಿಯಲ್ಲಿ ಇಲ್ಲಿ ಎಂಟು ಪ್ರಮಾಣವಚನಗಳಾದವು. 2018ರ ಮೇ ತಿಂಗಳಲ್ಲಂತೂ 17ರಂದು ಒಂದು, 23ರಂದು ಇನ್ನೊಂದು. ನಮ್ಮಲ್ಲಿ ಬೆಕ್ಕೊಂದೇ ಕಡಿಮೆ. ವಿಧಾನಸೌಧದಲ್ಲಿ ಇಲಿಗಳಿಲ್ಲವೆಂದು ಇದರ ಅರ್ಥವಲ್ಲ.

ಎರಡನೆಯ ದೃಷ್ಟಾಂತದಲ್ಲಿ ಎರಡೂ ರಸಗಳು ಒಂದೇ ಚೌಕಟ್ಟಿಗೆ ಬರುತ್ತವೆ. 2022ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ '777 ಚಾರ್ಲಿ' ನೋಡಿ ಹೊರಬಂದು ಕಣ್ಣೀರಿಟ್ಟರು. ಹಿಂದಿನ ವರ್ಷವಷ್ಟೇ ಅವರು ತಮ್ಮ ಸಾಕುನಾಯಿಯನ್ನು ಕಳೆದುಕೊಂಡಿದ್ದರು. ಇದು ಹೃದಯ ಕರಗಿಸುವ ದೃಶ್ಯವೋ ರಾಜಕೀಯ ಸುದ್ದಿಯೋ? ನಮ್ಮ ಗ್ರೂಪು ಎರಡು ಪಾಳಯವಾಯಿತು. ಚಿಕ್ಕಮ್ಮನೂ ಅತ್ತರು. ಭಾವ ರಸ್ತೆಗುಂಡಿಯ ಫೋಟೊ ಹಾಕಿ, ಇದಕ್ಕೂ ಒಂದು ಹನಿ ಇರಲಿ ಎಂದರು. ಕಣ್ಣೀರು ನಿಜವಾದದ್ದೆಂದು ನನ್ನ ಅನಿಸಿಕೆ. ಗುಂಡಿಯೂ ನಿಜವಾದದ್ದೇ.

ಅಂತ್ಯಲೋಪ

ರಸದೋಷಗಳಲ್ಲಿ ಹಳೆಯ ಗ್ರಂಥಕಾರರು ಹೆಸರಿಸದ ಒಂದನ್ನು ನಾನು ಅಂತ್ಯಲೋಪವೆಂದು ಕರೆಯುತ್ತೇನೆ: ಕೊನೆಯನ್ನು ಕತ್ತರಿಸುವುದು. ಇದಕ್ಕೊಂದು ನಗಿಸುವ ಉದಾಹರಣೆ ಹುಡುಕಿದೆ, ಸಿಕ್ಕಲಿಲ್ಲ.

ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ದುಡಿಯುವವರು ಒಂದು ಜಾಗೃತಿ ವಿಡಿಯೊ ಮಾಡಿಸಿದ್ದರು. ಓಣಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣವೇ ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಮಗು ಕಳವಾಗಲು ಎಷ್ಟು ಕಡಿಮೆ ಹೊತ್ತು ಸಾಕೆಂದು ಎಚ್ಚರಿಸುವ ಫಲಕ ತೋರಿಸುತ್ತಾರೆ. 2018ರಲ್ಲಿ ಇದು ನಮ್ಮ ಫೋನುಗಳಿಗೆ ಬರುವ ಹೊತ್ತಿಗೆ ಯಾರೋ ಆ ಹಿಂದಿರುಗುವುದನ್ನು ಕತ್ತರಿಸಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಮಾತು ಊರೂರಿಗೆ ಹಬ್ಬಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದವನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರ ಕಾರಿಗಿಂತ ಮೊದಲೇ ಸುದ್ದಿ ಮುರ್ಕಿ ಎಂಬ ಹಳ್ಳಿ ಮುಟ್ಟಿತ್ತು. ಒಬ್ಬ ಸತ್ತ.

ಅಪರಿಚಿತರು ಹಳ್ಳಿಮಕ್ಕಳಿಗೆ ಚಾಕೊಲೇಟ್ ಕೊಡುವ ವಿಡಿಯೊ. ಹಿಂದೆ ಒಂದು ಕೊಳಲು ಸೇರಿಸಿದ್ದರೆ ದೊಡ್ಡಪ್ಪ ಅದನ್ನು ಬೆಳಗಿನ ಆರೂವರೆಗೆ ಕಳಿಸುತ್ತಿದ್ದರು, ನಾನು ಹೃದಯ ಒತ್ತುತ್ತಿದ್ದೆ.

ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ಹಾಕಿತು. ದೊಡ್ಡಪ್ಪ ಅದನ್ನು ಪಂಕ್ತಿ ಊಟದಂತೆ ತೆಗೆದುಕೊಂಡರು. ಐದೈದು ಎಲೆ ಹಾಕಿ ಬಡಿಸಿ, ಎತ್ತಿ, ಮತ್ತೆ ಐದು.

ಪ್ರಯೋಗ

ಸಿದ್ಧಾಂತಕ್ಕೆ ಮುನ್ನ ಒಂದು ಪ್ರಯೋಗ ಉಳಿದಿತ್ತು. ಚಿಕ್ಕಮ್ಮನ ಪ್ರಶ್ನೆ ಹಾಗೆಯೇ ಬಿದ್ದಿದ್ದರಿಂದ ನಾನು ಆ ಆನೆಮರಿಯ ವಿಡಿಯೊದ ಪೂರ್ಣ ಪ್ರತಿಯನ್ನು ಹುಡುಕಲು ಕೂತೆ. ಎರಡು ಸಂಜೆ ಹಿಡಿಯಿತು. ಕೊನೆಗೆ ಸಿಕ್ಕಿತು. ಮರಿ ಮೂರನೆಯ ಸಲ ಜಾರುತ್ತದೆ, ನಾಲ್ಕನೆಯ ಸಲ ತಾಯಿ ತಾನೇ ಹೊಂಡಕ್ಕಿಳಿದು ಹಿಂದಿನಿಂದ ಹಣೆ ಕೊಟ್ಟು ನೂಕುತ್ತದೆ. ಮರಿ ದಡ ಸೇರುವ ಹೊತ್ತಿಗೆ ಪರದೆಯ ಕೆಳಗಿಂದ ಮುಂದಿನ ಚುನಾವಣೆಯ ಆಕಾಂಕ್ಷಿಯೊಬ್ಬರು ಕೈಮುಗಿದುಕೊಂಡು ಮೇಲೇಳುತ್ತಾರೆ. ಬಿಳಿ ಅಂಗಿ, ಕಪ್ಪು ಕನ್ನಡಕ, ಸುತ್ತ ಹೂವಿನ ಚೌಕಟ್ಟು, ನಾಡಿನ ಸಮಸ್ತ ಜನತೆಗೆ ಶುಭಾಶಯ. ಮರಿಯ ಅರ್ಧ ದೇಹ ಅವರ ಪೇಟದ ಹಿಂದೆ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಅದು ಹಾಗೇ ಅರ್ಧಕ್ಕೇ ಬಂದಿತ್ತಾ?"

"ಇಲ್ಲಪ್ಪ, ನಾನೇ ಕತ್ತರಿಸಿದೆ. ಕಳಿಸುವಾಗ ಮೇಲೊಂದು ಪಟ್ಟಿ ಬರುತ್ತಲ್ಲ, ಅದನ್ನು ಎಳೆದೆ. ಬೆಳಿಗ್ಗೆ ಎದ್ದು ಮಕ್ಕಳುಮರಿ ನೋಡೋದು, ಅವನ ಮುಖ ಯಾಕೆ ಅಂತ."

ಅವರು ಸರ್ವೇಯರ್ ಆಗಿ ನಿವೃತ್ತರಾದವರು, ಗಡಿ ಗುರುತಿಸುವುದರಲ್ಲಿ ಪಳಗಿದ ಕೈ. ಪೂರ್ತಿ ವಿಡಿಯೊವನ್ನು ಗ್ರೂಪಿಗೆ ಹಾಕಲೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಲ್ಲದ ಹಾಗೆ ಮರಿ ಮೇಲೆ ಬರೋದು ಇದ್ದರೆ ಹಾಕು" ಎಂದರು. ನಾನು ಆ ಪಟ್ಟಿಯನ್ನು ಹಿಂದೆ ಮುಂದೆ ಎಳೆದು ನೋಡಿದೆ. ಆಕಾಂಕ್ಷಿಯ ಪೇಟದ ತುದಿ ಬಿಡಬೇಕೆಂದರೆ ಮರಿಯ ಹಿಂಗಾಲು ಕೆಸರಲ್ಲೇ ಉಳಿಯುತ್ತದೆ.

ನಿನ್ನೆ ಚಿಕ್ಕಮ್ಮ ಮತ್ತೆ ಕೇಳಿದ್ದಾರೆ: "ಬಂತಾ?"